ಡಿ, ಎಸ್, ಎಂ: ಪೋಲೋ ಪಿಕಪ್ ಅಳೆದ ಲೆಕ್ಕ

ಆಟೋಮ್ಯಾಟಿಕ್ ಗಾಡಿ ಓಡಿಸುವ ಹೆಚ್ಚಿನವರು ಗೇರ್ ಲಿವರನ್ನು ಡಿಗೆ (ಡ್ರೈವ್) ಹಾಕಿ ಮರೆತುಬಿಡುತ್ತಾರೆ. ಕೆಳಗೆ ಎಸ್ (ಸ್ಪೋರ್ಟ್) ಇದೆ, ಪಕ್ಕಕ್ಕೆ ತಳ್ಳಿದರೆ ಎಂ (ಮ್ಯಾನ್ಯುವಲ್), ಅಲ್ಲಿ ಕೈಯಲ್ಲೇ ಗೇರ್ ಬದಲಿಸಬಹುದು ಅಂತಲೂ ಅವರಿಗೆ ಗೊತ್ತು. ಆದರೆ ಅದರಿಂದ ಏನು ಲಾಭ ಅಂತ ಕೇಳಿದರೆ "ಎಸ್‌ನಲ್ಲಿ ಪವರ್ ಜಾಸ್ತಿ" ಅನ್ನುವ ಉತ್ತರ ಬರುತ್ತದೆ. ಅದು ನಿಜವಾ? ಎಷ್ಟು ಜಾಸ್ತಿ? ಯಾವಾಗ ಜಾಸ್ತಿ? ಇದನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆದು ನೋಡಿದೆ. ಏನು ಮಾಡಿದೆ, ಏನು ಸಿಕ್ಕಿತು ಅಂತ ಇಲ್ಲಿ ಬರೆದಿದ್ದೇನೆ. ನಿಮ್ಮ ಗಾಡಿಯಲ್ಲೂ ಇದನ್ನೇ ಮಾಡಿ ನೋಡಬಹುದು.

ಗಾಡಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ನಮ್ಮ ದೇಶಕ್ಕೆ ಬಂದ 1.2 ಲೀಟರ್ ಎಂಜಿನ್ನಿನ ಮಾದರಿ. 1197 ಸಿಸಿ, ನಾಲ್ಕು ಸಿಲಿಂಡರ್, ಜೊತೆಗೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಟರ್ಬೊ. 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 105 ಪಿಎಸ್ (ಕುದುರೆಶಕ್ತಿ) ಪವರ್. 1500ರಿಂದ 4100 ಆರ್‌ಪಿಎಂವರೆಗೆ 175 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಕಂಪನಿ ಹೇಳಿದ 0-100 (ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟುವ) ಸಮಯ 9.7 ಸೆಕೆಂಡು. 2020ರಲ್ಲಿ ಈ ಎಂಜಿನ್ ಹೋಗಿ ಮೂರು ಸಿಲಿಂಡರಿನ 1.0 ಲೀಟರ್ ಬಂತು. ಅದರ ಜೊತೆ ಆರು ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಆಟೋಮ್ಯಾಟಿಕ್) ಬಂತು. ಆದ್ದರಿಂದ ಇಲ್ಲಿನ ಅಂಕಿಗಳನ್ನು ಆಮೇಲಿನ ಪೋಲೋಗೆ ಹಚ್ಚಬೇಡಿ.

ಮೊದಲು ಗೇರ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಬೇಕು. ಇಲ್ಲವಾದರೆ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಇದಕ್ಕೆ ಕಂಪನಿ ಇಟ್ಟ ಹೆಸರು ಡಿಕ್ಯು200. ಒಳಗೆ ಎರಡು ಕ್ಲಚ್. ಒಂದು ಕ್ಲಚ್‌ನ ಕಡೆ 1, 3, 5, 7ನೇ ಗೇರುಗಳು. ಇನ್ನೊಂದರ ಕಡೆ 2, 4, 6 ಮತ್ತು ರಿವರ್ಸ್. ರಾಟೆಯ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಮೇಲೆ ಬರುವಾಗ ಇನ್ನೊಂದು ಬಾವಿಗೆ ಇಳಿಯುತ್ತಿರುತ್ತದೆ ಅಲ್ವಾ, ಹಾಗೆ. ಎರಡನೇ ಗೇರ್‌ನಲ್ಲಿ ಓಡುತ್ತಿರುವಾಗಲೇ ಮೂರನೆಯದು ಆಚೆ ಕಡೆ ಸಿದ್ಧವಾಗಿರುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೆ ಇನ್ನೊಂದು ಹಿಡಿಯುತ್ತದೆ. ಮೇಲಿನ ಗೇರಿಗೆ ಹೋಗುವಾಗ ಎಳೆತ ತಪ್ಪುವುದೇ ಇಲ್ಲ.

ತೊಂದರೆ ಇರುವುದು ಕೆಳಗೆ ಇಳಿಯುವಾಗ. 60ರಲ್ಲಿ ಆರಾಮಾಗಿ ಹೋಗುತ್ತಿದ್ದೀರಿ. ಡಿಯಲ್ಲಿ ಗೇರ್ ಆರು. ಆಚೆ ಕಡೆ ಏಳೋ ಐದೋ ಸಿದ್ಧವಾಗಿ ಕೂತಿದೆ. ಈಗ ನೀವು ಪೆಡಲ್ ಪೂರ್ತಿ ಒತ್ತುತ್ತೀರಿ. ಬೇಕಾಗಿರುವುದು ಮೂರು. ಸಿದ್ಧವಾಗಿದ್ದ ಗೇರನ್ನು ಬಿಡಿಸಿ, ಮೂರನ್ನು ಸೇರಿಸಿ, ಎಂಜಿನ್ ಸುತ್ತನ್ನು ಏರಿಸಿ, ಆಮೇಲೆ ಕ್ಲಚ್ ಬದಲಿಸಬೇಕು. ಜೊತೆಗೆ ಟರ್ಬೊ ಕೂಡ ಉಸಿರು ತುಂಬಿಕೊಳ್ಳಬೇಕು. ಆರರಿಂದ ನಾಲ್ಕಕ್ಕೆ ಇಳಿಯಬೇಕಾದರೆ ಇನ್ನೂ ಗೋಜಲು. ಎರಡೂ ಒಂದೇ ಕ್ಲಚ್‌ನ ಕಡೆ ಇವೆ. ಹಾಗಾಗಿ ನೇರವಾಗಿ ಕೈ ಬದಲಿಸಲು ಆಗುವುದಿಲ್ಲ. ನಾನು ಹಿಡಿಯಬೇಕು ಅಂದುಕೊಂಡಿದ್ದು ಈ ತಡವನ್ನೇ.

ಜಾಗ

ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಬಾರದು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ರೇಸಿಗೆ ಮಾತ್ರ ಅಲ್ಲ, ಅನುಮತಿ ಇಲ್ಲದೆ ಮಾಡುವ ವೇಗದ ಪರೀಕ್ಷೆಗೂ ಅನ್ವಯಿಸುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿ ಎಷ್ಟೇ ನೇರವಾಗಿರಲಿ, ಬೆಳಗಿನ ಜಾವ ಎಷ್ಟೇ ಖಾಲಿ ಇರಲಿ, ಅದು ಈ ಕೆಲಸದ ಜಾಗ ಅಲ್ಲ. ಕಾನೂನು ಒಂದು ಕಡೆ ಇರಲಿ. ಡಿವೈಡರ್ ದಾಟಿ ಯಾರು ಯಾವಾಗ ಬರುತ್ತಾರೆ ಅಂತ ಹೇಳುವುದು ಯಾರಿಂದಲೂ ಆಗುವುದಿಲ್ಲ.

ನನಗೆ ಸಿಕ್ಕಿದ್ದು ತುಮಕೂರಿನ ಆಚೆ ಭಾವ ಮಾಡಿಸುತ್ತಿರುವ ಲೇಔಟ್. ಇನ್ನೂ ಸೈಟು ಮಾರಿಲ್ಲ, ಮನೆ ಎದ್ದಿಲ್ಲ. ಸುತ್ತ ಕಾಂಪೌಂಡ್, ಒಂದೇ ಗೇಟು. ನಡುವಿನ ಮುಖ್ಯ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ದಾರೆ. ಆರುನೂರು ಮೀಟರಿಗೂ ಜಾಸ್ತಿ ನೇರ ಇದೆ. ಅಷ್ಟು ಬೇಕೇ ಬೇಕು. ಹತ್ತು ಸೆಕೆಂಡಿನಲ್ಲಿ 100 ಮುಟ್ಟುವ ಗಾಡಿ ಅಷ್ಟರೊಳಗೆ ನೂರೈವತ್ತು ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ನಿಲ್ಲಿಸಲು ಇನ್ನೊಂದು ಐವತ್ತು ಮೀಟರ್. ಓಡುತ್ತಲೇ ಅಳೆಯುವ 60-100ಕ್ಕೆ (60ರ ವೇಗದಿಂದ 100ಕ್ಕೆ ಏರುವ ಓಟ) ಮೊದಲು ಸ್ವಲ್ಪ ದೂರ ಒಂದೇ ವೇಗದಲ್ಲಿ ಹೋಗಿ ಗೇರ್ ನೆಲೆಗೊಳ್ಳಲು ಬಿಡಬೇಕು. ಕೊನೆಗೆ ಧಾರಾಳವಾಗಿ ಖಾಲಿ ಜಾಗ ಉಳಿದಿರಬೇಕು.

"ಭಾವ, ಗೇಟು ಹಾಕಿಸಿ, ಕೆಲಸದವರು ಯಾರೂ ಒಳಗೆ ಇರಬಾರದು" ಅಂತ ಮೊದಲೇ ಹೇಳಿದ್ದೆ. "ಭಾನುವಾರ ಬಾರಪ್ಪ, ಅವತ್ತು ಯಾರೂ ಇರಲ್ಲ. ಆದ್ರೆ ನಾಯಿಗಳಿವೆ, ನೋಡ್ಕೋ" ಅಂದರು. ವಾಚ್‌ಮನ್ ನಾಯಿಗಳನ್ನು ಶೆಡ್ಡಿನಲ್ಲಿ ಕೂಡಿಹಾಕಿದರು. ರಸ್ತೆಯ ಆ ತುದಿಯಲ್ಲಿ ಭಾವ ಫೋನ್ ಹಿಡಿದು ನಿಂತರು. ಅವರು "ಖಾಲಿ" ಅನ್ನದೆ ಗಾಡಿ ಹೊರಡಿಸಲಿಲ್ಲ. ಡಾಂಬರಿನ ಮೇಲೆ ಬಿದ್ದಿದ್ದ ಜಲ್ಲಿಪುಡಿ, ಎಂ ಸ್ಯಾಂಡ್ ಎಲ್ಲ ಗುಡಿಸಿ ತೆಗೆದೆವು. ಇದು ಮುಂದಿನ ಚಕ್ರ ಎಳೆಯುವ ಗಾಡಿ. ಹೊರಡುವಾಗ ಪುಡಿ ಸಿಕ್ಕರೆ ಚಕ್ರ ಸುಮ್ನೆ ತಿರುಗುತ್ತದೆ, ಸಮಯವೂ ಕೆಡುತ್ತದೆ.

ಲೇಔಟ್ ರಸ್ತೆ ಕಣ್ಣಿಗೆ ಮಟ್ಟಸ ಕಂಡರೂ ಮಟ್ಟಸ ಇರುವುದಿಲ್ಲ. ಮಳೆ ನೀರು ಹರಿಯಲಿ ಅಂತ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಗಾರೆ ಕೆಲಸದವರ ಲೆವೆಲ್ ಪೈಪು ಅಲ್ಲೇ ಇತ್ತು. ನೀರು ತುಂಬಿಸಿ ತುಂಡು ತುಂಡಾಗಿ ಅಳೆದೆವು. ನೂರು ಮೀಟರಿಗೆ ಸುಮಾರು ಅರ್ಧ ಮೀಟರ್ ಇಳಿತ ಇತ್ತು. ಇದು ಸಣ್ಣದಲ್ಲ. ನೂರಕ್ಕೆ ಒಂದು ಮೀಟರ್ ಏರಿದ್ದರೆ 0-100 ಸಮಯಕ್ಕೆ ಮೂರನೇ ಒಂದು ಸೆಕೆಂಡು ಸೇರುತ್ತದೆ. ಮೋಡ್‌ಗಳ ನಡುವಿನ ವ್ಯತ್ಯಾಸವೇ ಅದಕ್ಕಿಂತ ಕಡಿಮೆ ಇರಬಹುದು! ಅದಕ್ಕೇ ಪ್ರತಿ ಓಟವನ್ನೂ ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆದೆ. ಒಂದೇ ದಿಕ್ಕಿನಲ್ಲಿ ಓಡಿಸಿ ಬರೆದ ಅಂಕಿಯನ್ನು ನಾನು ನಂಬುವುದಿಲ್ಲ.

ಅಳೆಯುವ ಸಾಧನ

ಸ್ಪೀಡೋಮೀಟರ್ ನೋಡಿಕೊಂಡು ಸ್ಟಾಪ್‌ವಾಚ್ ಒತ್ತುವುದು ಈ ಕೆಲಸಕ್ಕೆ ಬರುವುದಿಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಜಾಸ್ತಿ ತೋರಿಸಬಹುದು. ಅದಕ್ಕೇ ಎಲ್ಲ ಕಂಪನಿಗಳೂ ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಇಡುತ್ತವೆ. ನನ್ನ ಗಾಡಿಯ ಮುಳ್ಳು 100 ಅನ್ನುವಾಗ ಜಿಪಿಎಸ್ ಸುಮಾರು 95 ಅನ್ನುತ್ತದೆ. ಆ ಐದು ಕಿಲೋಮೀಟರ್ ಏರಲು ಇನ್ನೂ ಮುಕ್ಕಾಲು ಸೆಕೆಂಡು ಬೇಕು. "ನಮ್ಮ ಗಾಡಿ ಒಂಬತ್ತು ಸೆಕೆಂಡಿಗೆ ನೂರು ಹೋಗುತ್ತೆ" ಅನ್ನುವ ಎಷ್ಟೋ ಮಾತುಗಳ ಗುಟ್ಟು ಇದು.

ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ವೇಗ ಕೊಡುತ್ತದೆ. 100ರ ಹತ್ತಿರ ಈ ಗಾಡಿ ಒಂದು ಸೆಕೆಂಡಿನಲ್ಲಿ ಏಳು ಕಿಲೋಮೀಟರ್ ವೇಗ ಏರಿಸಿಕೊಳ್ಳುತ್ತದೆ. ಹಾಗಾಗಿ ಸೆಕೆಂಡಿಗೆ ಹತ್ತು ಸಲ ಓದುವ ಜಿಪಿಎಸ್ ಲಾಗರ್ ಒಂದನ್ನು ಗೆಳೆಯನಿಂದ ತಂದೆ. ಅದನ್ನು ಗಾಜಿನ ಹತ್ತಿರ ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಾಕಿ ಕೂರಿಸಿದೆ. ಇದರಲ್ಲಿ 'ಒಂದು ಅಡಿ ರೋಲ್‌ಔಟ್' ಅನ್ನುವ ಆಯ್ಕೆ ಇರುತ್ತದೆ. ಮೊದಲ ಅಡಿ ಉರುಳಿದ ಮೇಲೆ ಗಡಿಯಾರ ಶುರುವಾಗುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಪದ್ಧತಿ ಅದು. ಅದನ್ನು ಹಾಕಿದರೆ ಸುಮಾರು 0.3 ಸೆಕೆಂಡು ಕಡಿಮೆ ತೋರುತ್ತದೆ. ನಾನು ಆ ಆಯ್ಕೆಯನ್ನು ತೆಗೆದೆ.

ಎರಡನೇ ಸಾಧನ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಚುಚ್ಚುವ ಇಎಲ್‌ಎಂ327 ಅಡಾಪ್ಟರ್. ಬ್ಲೂಟೂತ್‌ನಲ್ಲಿ ಫೋನಿಗೆ ಮಾಹಿತಿ ಬರುತ್ತದೆ. ಆರ್‌ಪಿಎಂ, ಪೆಡಲ್ ಎಷ್ಟು ಒತ್ತಿದೆ, ಒಳಗೆ ಹೋಗುವ ಗಾಳಿಯ ಬಿಸಿ, ಈ ಮೂರನ್ನೇ ದಾಖಲಿಸಿದೆ. ಹೆಚ್ಚು ಕೇಳಿದಷ್ಟೂ ಅದು ನಿಧಾನವಾಗುತ್ತದೆ. ನನಗೆ ಪೆಡಲ್ ಮುಖ್ಯವಾಗಿತ್ತು. ಕಾಲು ಒತ್ತಿದ ಕ್ಷಣ ಯಾವುದು, ಗಾಡಿ ಎದ್ದ ಕ್ಷಣ ಯಾವುದು ಅಂತ ಬೇರೆ ಬೇರೆಯಾಗಿ ಗೊತ್ತಾಗಬೇಕಿತ್ತು.

ಉಳಿದದ್ದೆಲ್ಲ ಒಂದೇ ತರಹ ಇಟ್ಟೆ. ಒಬ್ಬನೇ ಡ್ರೈವರ್, ಅರ್ಧ ಟ್ಯಾಂಕ್ ಪೆಟ್ರೋಲ್, ಎಸಿ ಬಂದ್, ಗಾಜು ಮೇಲೆ. ಟೈರ್ ಗಾಳಿ ಕಂಪನಿ ಸ್ಟಿಕ್ಕರಿನಲ್ಲಿ ಹೇಳಿದಷ್ಟು, ತಣ್ಣಗಿರುವಾಗ ತುಂಬಿಸಿದ್ದು. ಪಕ್ಕದ ಸೀಟಿನಲ್ಲಿ ಎಪ್ಪತ್ತು ಕೆಜಿಯ ಒಬ್ಬರು ಕೂತರೂ ಒಟ್ಟು ತೂಕ ಸುಮಾರು ಆರು ಪರ್ಸೆಂಟ್ ಏರುತ್ತದೆ, ಸಮಯಕ್ಕೆ ಅರ್ಧ ಸೆಕೆಂಡು ಸೇರುತ್ತದೆ. ಜೊತೆಗೆ ಬರುತ್ತೇನೆ ಅಂದ ಅಕ್ಕನ ಮಗನನ್ನು ಭಾವನ ಜೊತೆಯೇ ನಿಲ್ಲಿಸಿದೆ.

ಇನ್ನೊಂದು ವಿಷಯ, ಎತ್ತರ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲೆ ಇದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಒಂಬತ್ತು ಪರ್ಸೆಂಟ್‌ನಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಇರುವುದು ಆ ಕೊರತೆಯನ್ನು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತದೆ. ಆದರೆ ಟರ್ಬೊ ಏಳುವ ಮೊದಲಿನ ಆ ಒಂದು ಗಳಿಗೆಯಲ್ಲಿ ಇದೂ ಸಾದಾ ಎಂಜಿನ್ನೇ. ಕರಾವಳಿಯಲ್ಲಿ ಓಡಿಸಿ ಬೆಂಗಳೂರಿಗೆ ಬಂದವರಿಗೆ ಹೊರಡುವಾಗ ಸ್ವಲ್ಪ ಮಂಕು ಅನ್ನಿಸುವುದು ಇದಕ್ಕೇ.

ನಿಂತಲ್ಲಿಂದ 100

ಬ್ರೇಕ್ ಮತ್ತು ಆಕ್ಸಲರೇಟರ್ ಎರಡನ್ನೂ ಒತ್ತಿ ಹಿಡಿದು ಹೊರಡುವ ಪದ್ಧತಿಯನ್ನು ಬೇಕೆಂದೇ ಬಿಟ್ಟೆ. ಡಿಕ್ಯು200ರ ಕ್ಲಚ್‌ಗಳು ಒಣ ಕ್ಲಚ್‌ಗಳು. ಎಣ್ಣೆಯಲ್ಲಿ ಮುಳುಗಿಲ್ಲ, ಬಿಸಿ ಬೇಗ ಇಳಿಯುವುದಿಲ್ಲ. ಒಂದು ಅಂಕಿಗೋಸ್ಕರ ಕ್ಲಚ್ ಸುಡುವುದರಲ್ಲಿ ಅರ್ಥವಿಲ್ಲ. ಬ್ರೇಕಿನಿಂದ ಕಾಲು ತೆಗೆದು ಪೆಡಲ್ ತಳದವರೆಗೆ ಒತ್ತುವುದು, ಅಷ್ಟೇ. ತಳದಲ್ಲಿ ಟಕ್ ಅನ್ನುವ, ಗೇರ್ ಇಳಿಸು ಅಂತ ಗಾಡಿಗೆ ಹೇಳುವ ಕಿಕ್‌ಡೌನ್ ಹಂತ ಇದೆಯಲ್ಲ, ಅದನ್ನೂ ದಾಟಿ. ಪ್ರತಿ ಓಟದ ನಡುವೆ ನಿಧಾನವಾಗಿ ಲೇಔಟ್ ಸುತ್ತು ಹಾಕಿ ತಣಿಯಲು ಬಿಟ್ಟೆ. ಒಳಗೆ ಹೋಗುವ ಗಾಳಿಯ ಬಿಸಿ ಮೊದಲಿನ ಮಟ್ಟಕ್ಕೆ ಇಳಿದ ಮೇಲೆಯೇ ಮುಂದಿನ ಓಟ.

ಫಲಿತಾಂಶ: ಡಿಯಲ್ಲಿ 10.4 ಸೆಕೆಂಡು. ಎಸ್‌ನಲ್ಲಿ 10.2. ಎಂನಲ್ಲಿ 10.3.

ಅಂದರೆ ವ್ಯತ್ಯಾಸ ಇಲ್ಲ ಅಂತಲೇ ಹೇಳಬಹುದು. ಒಂದೇ ಮೋಡ್‌ನ ಎರಡು ಓಟಗಳ ನಡುವೆಯೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ. ಒಬಿಡಿ ದಾಖಲೆ ನೋಡಿದರೆ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ಪೆಡಲ್ ಕಿಕ್‌ಡೌನ್‌ವರೆಗೆ ಹೋದಾಗ ಡಿ ಕೂಡ ಗೇರನ್ನು ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಹತ್ತಿರದವರೆಗೆ ಎಳೆಯುತ್ತದೆ. ಎರಡನೇ ಗೇರ್ ಎಪ್ಪತ್ತರ ಒಳಗೆ ಮುಗಿಯುತ್ತದೆ, ಮೂರನೆಯದು ನೂರರ ಹತ್ತಿರ. ಇದು ಮೂರೂ ಮೋಡ್‌ನಲ್ಲಿ ಒಂದೇ.

ಲೆಕ್ಕ ಹಾಕಿದರೂ ಇದೇ ಬರುತ್ತದೆ. ಡ್ರೈವರ್ ಸೇರಿ 1200 ಕೆಜಿ ತೂಕವನ್ನು 100ಕ್ಕೆ ಏರಿಸಲು ಸುಮಾರು 460 ಕಿಲೋಜೂಲ್ ಬೇಕು. ಹತ್ತು ಸೆಕೆಂಡಿನಲ್ಲಿ ಮಾಡಿದರೆ ಸರಾಸರಿ 46 ಕಿಲೋವ್ಯಾಟ್, ಅಂದರೆ 63 ಪಿಎಸ್‌ನಷ್ಟು. ಎಂಜಿನ್‌ನಲ್ಲಿರುವುದು 105. ಉಳಿದದ್ದು ಹೊರಡುವಾಗಿನ ಕಡಿಮೆ ಸುತ್ತಿನಲ್ಲಿ, ಗೇರ್‌ಬಾಕ್ಸ್‌ನಲ್ಲಿ, ಟೈರ್‌ನಲ್ಲಿ, ಎದುರು ಗಾಳಿಯಲ್ಲಿ ಹೋಗುತ್ತದೆ. ಎಸ್ ಒತ್ತಿದ ಕೂಡಲೇ ಎಂಜಿನ್‌ಗೆ ಹೊಸ ಪವರ್ ಬರುವುದಿಲ್ಲ. ಇದ್ದದ್ದನ್ನು ಯಾವಾಗ ಕೊಡಬೇಕು ಅನ್ನುವುದು ಮಾತ್ರ ಬದಲಾಗುತ್ತದೆ.

ಎಂ ಮೋಡ್ ಬಗ್ಗೆ ಒಂದು ಮಾತು. ಕೈಯಲ್ಲಿ ಗೇರ್ ಬದಲಿಸಿದರೂ ಕೆಂಪು ಗೆರೆ ಮುಟ್ಟಿದಾಗ ಇದು ತಾನೇ ಮೇಲಿನ ಗೇರಿಗೆ ಹೋಗಿಬಿಡುತ್ತದೆ. 5500ರಲ್ಲಿ ಬದಲಿಸಿ ನೋಡಿದೆ, ಕೊನೆಯವರೆಗೆ ಬಿಟ್ಟೂ ನೋಡಿದೆ. ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. 5000 ದಾಟಿದ ಮೇಲೆ ಈ ಎಂಜಿನ್‌ನ ಪವರ್ ಇಳಿಯಲು ಶುರುವಾಗುತ್ತದೆ, ಮೇಲಿನ ಗೇರ್‌ನಲ್ಲಿ ಟಾರ್ಕ್ ತುಂಬಾ ಇದೆ. ಹಾಗಾಗಿ ಕಿರುಚಿಸಿದರೂ ಲಾಭ ಇಲ್ಲ. ಆದರೆ 4000ದಲ್ಲೇ ಬದಲಿಸಿದರೆ ಅರ್ಧ ಸೆಕೆಂಡಿಗೂ ಜಾಸ್ತಿ ಹೋಗುತ್ತದೆ.

60ರಿಂದ 100

ನನಗೆ ನಿಜವಾಗಿ ಬೇಕಿದ್ದ ಪರೀಕ್ಷೆ ಇದು. 0-100 ನೋಡಲು ಚೆಂದ. ಆದರೆ ನಮ್ಮ ರಸ್ತೆಗಳಲ್ಲಿ ನಿಂತಲ್ಲಿಂದ ಪೂರ್ತಿ ಪೆಡಲ್ ಒತ್ತುವ ಸಂದರ್ಭ ಎಲ್ಲಿ ಬರುತ್ತದೆ? ದಿನಾ ಬರುವುದು ಇನ್ನೊಂದು. ಎರಡು ಲೇನಿನ ರಾಜ್ಯ ಹೆದ್ದಾರಿ. ಮುಂದೆ ಕೆಎಸ್‌ಆರ್‌ಟಿಸಿ ಬಸ್ಸು, 60ರಲ್ಲಿ. ಎದುರು ಸ್ವಲ್ಪ ಹೊತ್ತು ಖಾಲಿ.

ವಿಧಾನ ಹೀಗೆ. 60ರಲ್ಲಿ ಸ್ಥಿರವಾಗಿ ಹೋಗುವುದು. ಗೇರ್ ನೆಲೆಗೊಂಡ ಮೇಲೆ ಪೆಡಲ್ ಪೂರ್ತಿ ಒತ್ತುವುದು. ಸಮಯವನ್ನು 60 ದಾಟಿದಾಗಿನಿಂದ ಎಣಿಸಲಿಲ್ಲ, ಪೆಡಲ್ ಒತ್ತಿದ ಕ್ಷಣದಿಂದ ಎಣಿಸಿದೆ. ಹೆಚ್ಚಿನ ಪರೀಕ್ಷೆಗಳಲ್ಲಿ ಈ ತಡ ಮಾಯವಾಗುವುದು ಇಲ್ಲೇ.

ಡಿಯಲ್ಲಿ 6.4 ಸೆಕೆಂಡು. ಎಸ್‌ನಲ್ಲಿ 5.3. ಎಂನಲ್ಲಿ ಮೊದಲೇ ಮೂರನೇ ಗೇರ್ ಹಾಕಿಕೊಂಡಿದ್ದರೆ 5.1.

ಒಂದು ಸೆಕೆಂಡಿಗೂ ಜಾಸ್ತಿ ವ್ಯತ್ಯಾಸ! ದಾಖಲೆಯಲ್ಲಿ ಅದು ಎಲ್ಲಿ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು. ಡಿಯಲ್ಲಿ ಆರನೇ ಗೇರ್, ಎಂಜಿನ್ 1600ರ ಆಸುಪಾಸು. ಪೆಡಲ್ ತಳ ಮುಟ್ಟುತ್ತದೆ. ಆರ್‌ಪಿಎಂ ಗೆರೆ ಸ್ವಲ್ಪ ಹೊತ್ತು ಅಲ್ಲೇ ಮಲಗಿರುತ್ತದೆ. ಆಮೇಲೆ ಒಮ್ಮೆಲೇ 3600ಕ್ಕೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ಎಸ್‌ನ ಗೆರೆಯೂ ಡಿಯ ಗೆರೆಯೂ ಒಂದರ ಮೇಲೊಂದು ಕೂರುತ್ತವೆ. ಎಳೆತ ಒಂದೇ. ಬರೀ ಶುರುವಾಗುವುದು ತಡ. ಎಸ್‌ನಲ್ಲಿ ಆದರೆ 60ಕ್ಕೇ ಎಂಜಿನ್ ಎತ್ತರದ ಸುತ್ತಿನಲ್ಲಿ ಇರುತ್ತದೆ, ಇಳಿಯಬೇಕಾದ ಗೇರೂ ಕಡಿಮೆ. ಎಂನಲ್ಲಿ ಮೂರರಲ್ಲೇ ಇದ್ದರೆ ಇಳಿಯುವುದೇ ಇಲ್ಲ.

ಆ 1.1 ಸೆಕೆಂಡನ್ನು ರಸ್ತೆಯ ಮೇಲೆ ಹಾಕಿ ನೋಡಿ. 60ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಹೋಗುತ್ತದೆ. ತಡದಲ್ಲಿ ನೀವು ಹದಿನೆಂಟು ಮೀಟರ್ ಮುಂದೆ ಹೋದಿರಿ. ಎದುರಿನ ಲಾರಿಯೂ 60ರಲ್ಲಿ ಇದ್ದರೆ ಅದೂ ಹದಿನೆಂಟು ಮೀಟರ್ ಹತ್ತಿರ ಬಂತು. ಒಟ್ಟು 36 ಮೀಟರ್. ಮೂರು ಬಸ್ಸಿನ ಉದ್ದ. ಆ ಹೊತ್ತಿನಲ್ಲಿ ನೀವು ಎದುರಿನ ಲೇನಿನಲ್ಲಿ ಇದ್ದೀರಿ, ಗಾಡಿ ಇನ್ನೂ ಎದ್ದಿಲ್ಲ. ಡಿಎಸ್‌ಜಿ ಓಡಿಸುವ ಪ್ರತಿಯೊಬ್ಬರೂ ಈ ಒಂದು ಅಂಕಿಯನ್ನು ತಿಳಿದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಓಟ ಮಾಡಿದೆ. ಎಂನಲ್ಲಿ ಆರನೇ ಗೇರ್ ಹಾಕಿ, ಕಿಕ್‌ಡೌನ್ ಹಂತ ದಾಟದಂತೆ ಪೆಡಲ್ ಒತ್ತಿ. ಗೇರ್ ಇಳಿಯಲಿಲ್ಲ. 60ರಿಂದ 100ಕ್ಕೆ ಹತ್ತೂವರೆ ಸೆಕೆಂಡಿನ ಹತ್ತಿರ ಬೇಕಾಯಿತು. ಟಾರ್ಕ್ 1500ರಿಂದಲೇ ಇದೆ, ಗೇರ್ ಇಳಿಸುವುದು ಬೇಡ ಅನ್ನುವವರಿಗೆ ಇದು ಉತ್ತರ. ಪೂರ್ತಿ ಟಾರ್ಕ್ ಇದ್ದರೂ ಚಕ್ರಕ್ಕೆ ತಲುಪುವ ಎಳೆತ ಮೂರನೇ ಗೇರ್‌ನ ಅರ್ಧಕ್ಕಿಂತ ಕಡಿಮೆ.

ಅರ್ಧ ಪೆಡಲ್

ಊರೊಳಗಿನ ಓಡಾಟಕ್ಕೆ ಹತ್ತಿರವಾದದ್ದು ಇದು. ಪೆಡಲ್ ಅರ್ಧದಲ್ಲಿ ನಿಲ್ಲಲಿ ಅಂತ ಪೆಡಲ್ ಹಿಂದೆ ಮರದ ತುಂಡು ಇಡುವ ಯೋಚನೆ ಬಂತು. ಅದು ಅಪಾಯ, ಬೇಡ ಅಂತ ಕೈಬಿಟ್ಟೆ. ಫೋನಿನ ಪರದೆ ನೋಡಿಕೊಂಡು ಓಡಿಸುವುದೂ ಆಗದ ಮಾತು. ಒಂದೇ ತರಹ ಒತ್ತುವ ಅಭ್ಯಾಸ ಮಾಡಿ, ಆಮೇಲೆ ದಾಖಲೆಯಲ್ಲಿ ಪೆಡಲ್ 45ರಿಂದ 55 ಪರ್ಸೆಂಟ್ ಒಳಗಿದ್ದ ಓಟಗಳನ್ನು ಮಾತ್ರ ಆರಿಸಿಕೊಂಡೆ.

ಇಲ್ಲಿ ಡಿ ಮತ್ತು ಎಸ್ ಬೇರೆ ಬೇರೆ ಗಾಡಿಗಳಂತೆ ನಡೆದುಕೊಂಡವು. ಡಿ ಆದಷ್ಟು ಬೇಗ ಮೇಲಿನ ಗೇರಿಗೆ ಓಡುತ್ತದೆ. ಎಸ್ ಅದೇ ಪೆಡಲಿಗೆ ಗೇರನ್ನು ಇನ್ನೂ ಎತ್ತರದ ಸುತ್ತಿನವರೆಗೆ ಹಿಡಿದುಕೊಳ್ಳುತ್ತದೆ. 0-60ಕ್ಕೆ ಡಿಯಲ್ಲಿ ಏಳು ಸೆಕೆಂಡು, ಎಸ್‌ನಲ್ಲಿ ಐದೂವರೆ. "ಎಸ್‌ನಲ್ಲಿ ಪವರ್ ಜಾಸ್ತಿ" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಕಾಲಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಟ್ರಾಫಿಕ್ಕಿನಲ್ಲಿ ಎಸ್ ಹಾಕಿಕೊಂಡು ಹೋದರೆ ಗಾಡಿ ಜರ್ಕ್ ಹೊಡೆಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಊರೊಳಗೆ ಡಿಯೇ ಸರಿ.

ಬೇರೆ ಗೇರ್‌ಬಾಕ್ಸ್ ಇರುವವರಿಗೆ

2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ಬದಲಿಸುವ ಮ್ಯಾನ್ಯುವಲ್) ಗೇರ್‌ಬಾಕ್ಸ್‌ನಲ್ಲಿ ಇರುವುದು ಒಂದೇ ಕ್ಲಚ್. ಪ್ರತಿ ಬದಲಾವಣೆಯಲ್ಲೂ ಎಳೆತ ನಿಂತು ಮತ್ತೆ ಶುರುವಾಗುತ್ತದೆ. ಅಲ್ಲಿ ಓವರ್‌ಟೇಕ್‌ಗೆ ಮೊದಲೇ ಎಂಗೆ ತಳ್ಳಿ ಒಂದು ಗೇರ್ ಇಳಿಸಿಕೊಳ್ಳುವುದು ಇನ್ನೂ ಮುಖ್ಯ. ಸಿವಿಟಿ ಅನ್ನುವ ಇನ್ನೊಂದು ಆಟೋಮ್ಯಾಟಿಕ್‌ನಲ್ಲಿ 1, 2, 3 ಅನ್ನುವ ಹಂತದ ಗೇರುಗಳೇ ಇಲ್ಲ, ಬೆಲ್ಟ್ ಮತ್ತು ರಾಟೆ ಆ ಕೆಲಸ ಮಾಡುತ್ತವೆ. ಅದರ ಮ್ಯಾನ್ಯುವಲ್ ಮೋಡ್‌ನ ಹಂತಗಳು ಸಾಫ್ಟ್‌ವೇರಿನಲ್ಲಿ ಮಾಡಿದವು. ಪೂರ್ತಿ ಪೆಡಲ್ ಒತ್ತಿದಾಗ ಡಿ ಅಥವಾ ಎಸ್ ಎಂಜಿನ್ನನ್ನು ಒಳ್ಳೆಯ ಸುತ್ತಿನಲ್ಲೇ ಹಿಡಿದಿಡಬಲ್ಲದು. ಹಂತ ಹಂತವಾಗಿ ಹೋದರೆ ಪ್ರತಿ ಸಲ ಅಲ್ಲಿಂದ ಕೆಳಗೆ ಬೀಳುತ್ತದೆ. ಟಾರ್ಕ್ ಕನ್ವರ್ಟರ್ ಇರುವವರು ಕಾಲು ಒತ್ತಿದ ಕ್ಷಣದಿಂದ ಎಣಿಸುವ 60-100 ಪರೀಕ್ಷೆಯನ್ನು ತಪ್ಪದೆ ಮಾಡಿ. ನಿಂತಲ್ಲಿಂದ ಅದು ಚೆನ್ನಾಗಿ ಎಳೆಯುತ್ತದೆ. ಅದನ್ನು ನೋಡಿ ಓವರ್‌ಟೇಕ್‌ನಲ್ಲೂ ಹಾಗೇ ಅಂತ ಅಂದುಕೊಳ್ಳುವುದು ಸುಲಭ.

ಮನೆಯವರ ಜೊತೆ

ಕೊನೆಯ ಸುತ್ತಿಗೆ ಭಾವ, ಅಕ್ಕನ ಮಗ, ವಾಚ್‌ಮನ್ ಮೂವರನ್ನೂ ಕೂರಿಸಿಕೊಂಡೆ. ಎಲ್ಲರಿಗೂ ಸೀಟ್ ಬೆಲ್ಟ್. ಹಬ್ಬಕ್ಕೆ ಊರಿಗೆ ಹೋಗುವುದು ಹೀಗೇ ತಾನೇ? ಆ ತುದಿಯಲ್ಲಿ ನಿಲ್ಲುವವರು ಇಲ್ಲದ ಕಾರಣ ಗೇಟಿಗೆ ಬೀಗ ಹಾಕಿ, ಮೊದಲು ನಿಧಾನವಾಗಿ ಒಂದು ಸುತ್ತು ನೋಡಿ ಬಂದೆವು. 60-100 ಡಿಯಲ್ಲಿ ಏಳೂವರೆ ಸೆಕೆಂಡು ದಾಟಿತು, ಎಸ್‌ನಲ್ಲಿ 6.3. ಒಬ್ಬನೇ ಡಿಯಲ್ಲಿ ಹೋಗುವುದೂ ನಾಲ್ಕು ಜನ ಎಸ್‌ನಲ್ಲಿ ಹೋಗುವುದೂ ಹೆಚ್ಚುಕಡಿಮೆ ಒಂದೇ ಆಯಿತು. ಶಿರಾಡಿಯಂತಹ ಘಾಟಿ ಏರುವಾಗ ಲೆಕ್ಕ ಇನ್ನೂ ಬದಲಾಗುತ್ತದೆ. ನೂರಕ್ಕೆ ಐದು ಮೀಟರ್ ಏರು ಇದ್ದರೆ ಈ ಗಾಡಿಯ ಮೂರನೇ ಗೇರ್ ಎಳೆತದ ಸುಮಾರು ಐದನೇ ಒಂದು ಭಾಗ ಏರಿಗೇ ಹೋಗುತ್ತದೆ.

ಈಗ ನಾನು ಮಾಡುವುದು ಇಷ್ಟು. ಬಸ್ಸಿನ ಹಿಂದೆ ಅಂತರ ಬಿಟ್ಟು ಇರುವಾಗಲೇ ಲಿವರನ್ನು ಎಸ್‌ಗೆ ಎಳೆಯುತ್ತೇನೆ. ಗೇರ್ ಇಳಿದು ಎಂಜಿನ್ ಸದ್ದು ಏರಿತಾ ಅಂತ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಎದುರು ನೋಡಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಹೊರಗೆ ಬರುತ್ತೇನೆ. ದಾಟಿ ನಮ್ಮ ಲೇನಿಗೆ ಬಂದ ಮೇಲೆ ಮತ್ತೆ ಡಿ.

ಭಾವನ ಹತ್ತಿರ ಇರುವುದು ಎಎಂಟಿ ಗಾಡಿ. ಸೈಟು ಮಾರಾಟ ಶುರುವಾಗುವ ಮೊದಲು ಅದನ್ನೂ ಇದೇ ರಸ್ತೆಯಲ್ಲಿ, ಇದೇ ಲಾಗರ್ ಇಟ್ಟು ಅಳೆಯುತ್ತೇವೆ.